ಮುನ್ನೀ ಕಡೆದ ಎಂಜಿನ್ನು

ಚನ್ನಪಟ್ಟಣದ ಮುನ್ನೀಗೆ ಮೂಗಿನ ತುದಿಯಲ್ಲಿ ಕೋಪ, ನಾಲಿಗೆಯ ತುದಿಯಲ್ಲಿ ಒಂದೇ ಮಾತು: "ನನ್ನ ಕೈಯಿಂದ ಹೋದ ಸಾಮಾನು ವಾಪಸ್ ಬಂದಿದ್ದೇ ಇಲ್ಲ." ಸುಳ್ಳೇನಲ್ಲ. ಮೂವತ್ತೆರಡು ವರ್ಷದಿಂದ ಮರ ತಿರುಗಿಸುವ ಲೇತ್ ಮುಂದೆ ಕೂತು ಬಳೆ, ಬುಗುರಿ, ಗಿಲಕಿ, ಗುಂಡುಮುಖದ ಬೊಂಬೆಗಳನ್ನು ಕಡೆದಿದ್ದಾಳೆ. ಕೆಟ್ಟುಹೋಯಿತು ಅಂತ ಒಬ್ಬರೂ ಬಾಗಿಲಿಗೆ ಬಂದಿಲ್ಲ. ಈ ಹೆಮ್ಮೆಯ ಬಿಸಿ ಮೊದಲು ತಟ್ಟುತ್ತಿದ್ದದ್ದು ಗಂಡ ಗಫಾರನಿಗೆ. ಪಾಪ, ಅವನದು ಪಕ್ಕದ ಮಳಿಗೆಯಲ್ಲೇ ಸ್ಕೂಟರ್ ಗ್ಯಾರೇಜು. "ನಿಂದು ನೋಡು, ಬರೋದೆಲ್ಲಾ ವಾಪಸ್ ಬಂದಿದ್ದೇ" ಎಂದು ಚುಚ್ಚದೆ ಅವಳು ಅವನಿಗೆ ಟೀ ಕೊಟ್ಟವಳಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಕೋಡಿಹಳ್ಳಿಯ ರಾಧಾಮಣಿ ಮೋಟರ್‌ಸೈಕಲ್ ನಿಲ್ಲಿಸಿ ಒಳಗೆ ಬಂದಳು. ತಾಂತ್ರಿಕ ತರಬೇತಿ ಶಾಲೆಯೊಂದರಲ್ಲಿ ಮಕ್ಕಳಿಗೆ ಎಂಜಿನ್ ಪಾಠ ಹೇಳುವ ಹುಡುಗಿ. ಕೈಯಲ್ಲಿ ಸುರುಳಿ ಸುತ್ತಿದ ಚಿತ್ರಪಟ.

"ಅಕ್ಕ, ವಿ-ಟ್ವಿನ್ ಎಂಜಿನ್ ಮರದಲ್ಲಿ ಮಾಡ್ಕೊಡ್ತೀರಾ? ಒಳಗಡೆ ಕಾಣೋ ಅಂಗೆ. ಈ ಪಟ ತೋರ್ಸಿ ತೋರ್ಸಿ ನಂಗೂ ಸಾಕಾಗೈತೆ, ಹುಡುಗರಿಗೂ ಸಾಕಾಗೈತೆ."

ಗಫಾರ್ ಗ್ಯಾರೇಜಿನಿಂದಲೇ ನಕ್ಕ. "ಬೊಂಬೆ ಮಾಡೋ ಕೈಗೆ ಎಂಜಿನ್ನಾ?"

ಅಷ್ಟೇ ಸಾಕಾಯಿತು. ಆ ನಗು ಕೇಳದಿದ್ದರೆ ಮುನ್ನೀ ಒಂದು ದಿನ ಯೋಚನೆ ಮಾಡುತ್ತಿದ್ದಳೋ ಏನೋ. "ಪಟ ಬಿಚ್ಚಮ್ಮಿ" ಅಂದಳು.

ರಾಧಾಮಣಿ ನೆಲದ ಮೇಲೆ ಪಟ ಹರಡಿ ಮೊದಲಿನಿಂದ ಹೇಳಿದಳು. ಹಿಂದಿನ ಕಾಲದ ಮೋಟರ್‌ಸೈಕಲ್ ಅಂದರೆ ಸೈಕಲ್ ಚೌಕಟ್ಟಿಗೆ ಕಟ್ಟಿದ ಒಂದೇ ಸಿಲಿಂಡರು. ದಿಬ್ಬ ಬಂದರೆ ಏದುಸಿರು. ಇನ್ನೊಂದು ಸಿಲಿಂಡರ್ ಸೇರಿಸೋಣವೆಂದರೆ ಪಕ್ಕದಲ್ಲಿ ಇಟ್ಟರೆ ಎಂಜಿನ್ ಅಗಲವಾಗುತ್ತದೆ. ಚೌಕಟ್ಟಿನ ನಡುವೆ ತ್ರಿಕೋನದ ಜಾಗ ಹೇಗೂ ಖಾಲಿ ಇತ್ತು. ಮುಂದಕ್ಕೊಂದು, ಹಿಂದಕ್ಕೊಂದು, ಇಂಗ್ಲಿಷಿನ ವಿ ಅಕ್ಷರದಂತೆ ಓರೆಯಾಗಿ ನಿಲ್ಲಿಸಿದರು. ಒಳಗೆ ಮೇಲೆ ಕೆಳಗೆ ಓಡುವ ಪಿಸ್ಟನ್ನುಗಳ ಕೋಲು ಎರಡಕ್ಕೂ ಸೇರಿ ಕೆಳಗೆ ಒಂದೇ ಪಿನ್ನು. ಒಂದರ ಕೋಲಿನ ಬುಡ ಕವೆಯಂತೆ ಸೀಳಿರುತ್ತದೆ, ಇನ್ನೊಂದರದು ಅದರ ನಡುವೆ ಕೂರುತ್ತದೆ.

"ಆಮೇಲೆ ಕೆಲವರು ಎರಡರ ನಡುವಿನ ಕೋನಾನ ತೊಂಬತ್ತು ಡಿಗ್ರಿಗೆ ಅಗಲಿಸಿದ್ರು. ನಡುಕ ಕಮ್ಮಿ ಆಯ್ತು, ಎಂಜಿನ್ ಉದ್ದ ಆಯ್ತು. ನಮಗೆ ಹಳೇದೇ ಇರ್ಲಿ, ನಲವತ್ತೈದು."

ಸಿಲಿಂಡರಿನ ಸುತ್ತ ಗಾಳಿಗೆಂದು ಬಿಟ್ಟ ರೆಕ್ಕೆಗಳನ್ನು ನೋಡಿ ಮುನ್ನೀಗೆ ಧೈರ್ಯ ಬಂತು. ಅವು ಒಂದರ ಮೇಲೊಂದು ಪೇರಿಸಿದ ಬಳೆಗಳೇ. ಬಳೆ ಅವಳಿಗೆ ಕಣ್ಣು ಮುಚ್ಚಿದರೂ ಬರುತ್ತದೆ.

ಹದಿನೈದು ದಿನ ಹಾಲೆಮರದ ಪುಡಿಯಲ್ಲೇ ಮುಳುಗಿದಳು. ಮುಂದಿನ ಸಿಲಿಂಡರ್ ಕೆಂಪು, ಹಿಂದಿನದು ಹಳದಿ, ಒಳಗೆ ಓಡುವ ಪಿಸ್ಟನ್ ಹಸಿರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ, ಮೇಲೆ ತಾಳೆಗರಿ ಹಿಡಿದರೆ ಹೊಳಪು. ಪಿನ್ನಿಗೂ ಹಾಗೇ ಮಾಡಿದಳು. ಅರಗಿಲ್ಲದ ಮರವನ್ನು ಹೊರಗೆ ಕಳಿಸುವುದೆಂದರೆ ಅವಳಿಗೆ ಬರಿಮೈಯ ಮಗುವನ್ನು ಬೀದಿಗೆ ಬಿಟ್ಟಂತೆ. ಪಿಸ್ಟನ್ ಮೇಲೆ ತಲುಪಿದಾಗ ಸದ್ದಾಗಲಿ ಎಂದು ಪ್ರತಿ ಸಿಲಿಂಡರಿನ ತಲೆಯಲ್ಲಿ ಗಿಲಕಿಯ ತುಂಡನ್ನೂ ಕೂರಿಸಿದಳು.

ಹಿಡಿಕೆ ತಿರುಗಿಸಿದರೆ ಟಕ್-ಟಕ್, ಸ್ವಲ್ಪ ಮೌನ, ಮತ್ತೆ ಟಕ್-ಟಕ್.

"ಟೈಮಿಂಗ್ ಕೆಟ್ಟೈತೆ" ಅಂದ ಗಫಾರ್. ಅವನ ಗ್ಯಾರೇಜಿಗೆ ಎರಡು ಸಿಲಿಂಡರಿನ ಗಾಡಿ ಒಂದೂ ಬಂದಿರಲಿಲ್ಲ.

ಒಯ್ಯಲು ಬಂದಿದ್ದ ರಾಧಾಮಣಿ ಮಾತ್ರ ಕುಣಿದಾಡಿಬಿಟ್ಟಳು. "ಕೆಟ್ಟಿಲ್ಲ ಸಾರ್! ಪಿನ್ನು ಒಂದೇ ಅಲ್ವಾ, ಒಂದು ಬಡಿದ ಹಿಂದೇನೇ ಇನ್ನೊಂದು ಬಡಿತದೆ, ಆಮೇಲೆ ಗ್ಯಾಪು. ಈ ಕುಂಟು ಸದ್ದು ಅಂದ್ರೆ ಜನ ಪ್ರಾಣಾನೇ ಬಿಡ್ತಾರೆ!"

ಮುನ್ನೀ ಗಂಡನ ಕಡೆ ನೋಡಿದ ನೋಟವನ್ನು ನಾನು ಬರೆಯುವುದಿಲ್ಲ.

"ಒಸಿ ಸ್ಪೀಡಲ್ಲಿ ನೋಡೋಣ" ಎಂದು ರಾಧಾಮಣಿ ಗ್ಯಾರೇಜಿನ ಡ್ರಿಲ್ ತರಿಸಿ ಹಿಡಿಕೆಯ ಜಾಗಕ್ಕೆ ಸಿಕ್ಕಿಸಿದಳು. ಎರಡು ನಿಮಿಷ ಭರ್ಜರಿಯಾಗಿ ಓಡಿತು. ಮೂರನೆಯ ನಿಮಿಷ ಸದ್ದು ಮಂದವಾಯಿತು, ಅರಗಿನ ವಾಸನೆ ಬಂತು, ಎಂಜಿನ್ ಗಪ್ಪನೆ ನಿಂತುಬಿಟ್ಟಿತು. ಉಜ್ಜಿದ ಬಿಸಿಗೆ ಪಿನ್ನಿನ ಅರಗು ಕರಗಿ ಅಂಟಿಕೊಂಡಿತ್ತು. ಮೂವತ್ತೆರಡು ವರ್ಷ ಅದೇ ಬಿಸಿಯಲ್ಲಿ ಅನ್ನ ದುಡಿದವಳಿಗೆ ಅದು ಹೊಳೆದಿರಲಿಲ್ಲ ನೋಡಿ.

ಮುನ್ನೀ ಮುಖ ಸಣ್ಣದಾಯಿತು. ನಗಬೇಕಾಗಿದ್ದ ಗಫಾರ್ ನಗಲಿಲ್ಲ. ಎಂಜಿನ್ ಕೈಗೆತ್ತಿಕೊಂಡು ಮೂಸಿದ.

"ಸೀಜ್ ಆಗ್ಬುಟ್ಟೈತೆ, ಅಷ್ಟೇ ಕಣೇ. ನನ್ನ ಹತ್ರ ವಾರಕ್ಕೆರಡು ಬತ್ತವೆ. ಉಜ್ಜೋ ಜಾಗಕ್ಕೆ ಬಣ್ಣ ಹಾಕ್ಬಾರ್ದು, ಎಣ್ಣೆ ಹಾಕ್ಬೇಕು."

"ಎಣ್ಣೆ ಹಾಕಿದ್ರೆ ಮರ ಉಬ್ಬತದೆ. ಮೇಣ ಹಾಕ್ತೀನಿ" ಅಂದಳು. ಸಂಜೆಯೊಳಗೆ ಪಿನ್ನನ್ನೂ ಪಿಸ್ಟನ್ನನ್ನೂ ಕೆರೆದು ಬರಿಮರ ಮಾಡಿ, ಜೇನುಮೇಣ ತಿಕ್ಕಿ ಕೂರಿಸಿದಳು. ಮರವನ್ನು ಹಾಗೆ ಬೆತ್ತಲೆ ಬಿಡುವಾಗ ಎರಡು ಸಲ ಕೈ ಅರಗಿನ ಕಡ್ಡಿಯತ್ತ ಹೋಯಿತು. ಡ್ರಿಲ್ ಕಾಲು ಗಂಟೆ ಓಡಿದರೂ ಎಂಜಿನ್ ನಿಲ್ಲಲಿಲ್ಲ. "ಅಂಗಡಿ ದಾಟಿಲ್ವಲ್ಲ, ವಾಪಸ್ ಬಂದಂಗಲ್ಲ" ಎಂದು ಯಾರೂ ಕೇಳದಿದ್ದರೂ ಹೇಳಿ ಕಳಿಸಿಕೊಟ್ಟಳು.

ಒಂದು ವರ್ಷ ಕಳೆಯಿತು. ಮೊನ್ನೆ ಅದೇ ಮೋಟರ್‌ಸೈಕಲ್ ಮತ್ತೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಹಗ್ಗ ಕಟ್ಟಿದ ರಟ್ಟಿನ ಡಬ್ಬ. ಮುನ್ನೀ ಲೇತ್ ನಿಲ್ಲಿಸಿದಳು.

"ವಾಪಸ್ ಬಂತಾ?"

"ಬಂತಕ್ಕ" ಅಂದಳು ರಾಧಾಮಣಿ.

ಪಕ್ಕದ ಗ್ಯಾರೇಜಿನಲ್ಲಿ ಸ್ಪ್ಯಾನರಿನ ಸದ್ದು ನಿಂತಿತು. ಮುನ್ನೀ ಹಗ್ಗ ಕಿತ್ತು ಡಬ್ಬ ಬಿಚ್ಚಿದಳು. ಎಂಜಿನ್ ಎಲ್ಲೂ ಮುರಿದಿರಲಿಲ್ಲ. ಹಿಡಿಕೆಯ ನೀಲಿ ಅರಗು ಪೂರ್ತಿ ಹೋಗಿ, ಕೈಗಳು ಉಜ್ಜಿ ಉಜ್ಜಿ ಮರವೇ ಹೊಳೆಯುತ್ತಿತ್ತು. ಪಿನ್ನು ಸವೆದು ಸಪೂರವಾಗಿತ್ತು. ಕೋಲಿನ ತೂತು ಮೊಟ್ಟೆಯ ಆಕಾರಕ್ಕೆ ಬಂದಿತ್ತು.

"ಹುಡುಗರು ಬಿಡಾಕಿಲ್ಲ ಅಕ್ಕ. ಊಟದ ಬೆಲ್ ಹೊಡುದ್ರೂ ತಿರುಗಿಸ್ತಾನೇ ಇರ್ತಾರೆ. ಬಿಚ್ಚಿ ಜೋಡ್ಸಿ, ಬಿಚ್ಚಿ ಜೋಡ್ಸಿ ಸವೆಸ್ಬುಟ್ಟವ್ರೆ."

ಮುನ್ನೀ ಆ ಪಿನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಅವಳ ಬೊಂಬೆಗಳು ಯಾಕೆ ವಾಪಸ್ ಬರುತ್ತಿರಲಿಲ್ಲ ಎಂದು ಈಗ ಗೊತ್ತಾಯಿತು. ಅರ್ಧಕ್ಕರ್ಧ ಯಾರದ್ದೋ ಗಾಜಿನ ಬೀರುವಿನಲ್ಲಿ ಕೂತಿರುತ್ತವೆ, ಅವನ್ನು ಮುಟ್ಟುವವರಿಲ್ಲ. ಕಣ್ಣು ತುಂಬಿ ಬಂತು. ಬೇಜಾರಿಗಲ್ಲ, ಖುಷಿಗೆ. ಸೆರಗಿನಲ್ಲಿ ಒರೆಸಿಕೊಂಡಳು.

ಗಫಾರ್ ಬಾಗಿಲಲ್ಲಿ ಬಂದು ನಿಂತಿದ್ದ. "ಏನೇ, ನಿಂದೂ ಗ್ಯಾರೇಜ್ ಆಗೋಯ್ತಲ್ಲ?"

"ಹೂಂ, ಓವರ್‌ಹಾಲ್‌ಗೆ ಬಂದೈತೆ. ಈ ಸಲ ಪಿನ್ನು ಒಸಿ ದಪ್ಪ ಮಾಡ್ತೀನಿ. ನೀನು ಹೋಗಿ ಎಲ್ಲರಿಗೂ ಟೀ ಮಾಡು" ಎಂದು ಮುನ್ನೀ ಲೇತಿನ ಸ್ವಿಚ್ಚು ಒತ್ತಿದಳು.