ದನದ ತೊಟ್ಟಿಯಲ್ಲಿ ಬೋಟ್ ಲೈಟ್

ಸಾರಿ ಫ್ರೆಂಡ್ಸ್, ಇಂಟರ್ನಲ್ಸ್‌ಗೆ ಓದುವುದು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಏನು ಮಾಡಲಿ, ತಡೆಯಲು ಆಗುತ್ತಿಲ್ಲ!

ಮರಳವಾಡಿಯ ನನ್ನ ಮಾವ ಕೆರೆಯಲ್ಲಿ ಜನರನ್ನು ಸುತ್ತಾಡಿಸಲು ಹೊಸ ಬೋಟ್ ತಂದಿದ್ದಾರೆ. ಅದಕ್ಕೆ ನೀರೊಳಗೇ ಉರಿಯುವ ಎಲ್ಇಡಿ ಲೈಟ್ ಬೇಕಂತೆ. ಅಂಗಡಿಯವನು ನೀಲಿ, ಹಸಿರು ಎರಡೂ ಕೊಟ್ಟು, ಬೇಡದ್ದನ್ನು ನಾಳೆ ವಾಪಸ್ ತನ್ನಿ ಎಂದಿದ್ದಾನೆ.

"ಇಂಗ್ಲಿಷ್ ಓದ್ದೋಳು ನೀನು, ನೀನೇ ಆರ್ಸವ್ವ" ಎಂದರು ಮಾವ. ಒಮ್ಮೆ ಗಮ್ ಹಾಕಿ ಕೂರಿಸಿದರೆ ಮತ್ತೆ ಕೀಳುವಂತಿಲ್ಲ.

ಇಂದು ಸಂಜೆ ಲೈಟನ್ನು ದನದ ತೊಟ್ಟಿಯಲ್ಲಿ ಮುಳುಗಿಸಿ, ಟ್ರ್ಯಾಕ್ಟರ್ ಬ್ಯಾಟರಿಗೆ ವೈರ್ ಕೊಟ್ಟೆವು. ನೀಲಿ ಸೂಪರ್! ತೊಟ್ಟಿಯೊಳಗೆ ಆಕಾಶವೇ ಇಳಿದಂತಿತ್ತು. ಅಷ್ಟರಲ್ಲಿ ನೀರು ಕುಡಿಯಲು ಬಂದ ಹಸು ಬೆಚ್ಚಿ ಹಿಂದೆ ಸರಿಯಿತು. ಹಸಿರು ಹಾಕಿದೆವು. ಬಂದು ಸೊರ್ರನೆ ಕುಡಿಯಿತು.

"ಹಸ ಒಪ್ಕತು. ಹಸ್ರೇ ಫೈನಲ್" ಎಂದರು ಮಾವ.

"ಮಾವ, ಬೋಟ್ ಹತ್ತೋದು ಹಸುನಾ?"

"ಹೊಸ ಮನೆಗೆ ಮೊದ್ಲು ಯಾರ್ನ ನುಗ್ಸಾದು? ಹಸೂನೇ ತಾನೇ?"

ಹಾಲು ಕರೆಯಲು ಬಂದ ಅತ್ತೆ, "ಅಂಗಾದ್ರೆ ಬೋಟ್‌ಗೂ ಅದ್ನೇ ಮೊದ್ಲು ಹತ್ಸಿ, ಮುಳುಗಾದ್ನ ನಾವೂ ಒಸಿ ನೋಡಾನ" ಎಂದರು.

ನನಗೆ ನೀಲಿಯೇ ಬೇಕು! ಭಾನುವಾರ ಬೋಟ್ ಹತ್ತಲು ಬರುವವರು ನೀವು. ಆದರೆ ಇದುವರೆಗೆ ಓಟು ಹಾಕಿರುವುದು ಹಸು ಮಾತ್ರ. ಬೆಳಿಗ್ಗೆ ಮಾವ ಗಮ್ ಹಾಕುವುದರೊಳಗೆ ನೀಲಿಯೋ ಹಸಿರೋ ಹೇಳಿ. ದಯವಿಟ್ಟು ಬೇಗ ರಿಪ್ಲೈ ಮಾಡಿ.