ಹುಬ್ಬಿನ ಹೌದು

ರಾತ್ರಿಯಿಡೀ ಸುರಿದ ಹಿಮ ಈಗ ತಾನೇ ನಿಂತಿದೆ. ಉತ್ತರ ಧ್ರುವದಂಚಿನ ನುವುಕ್ತಾಕ್ ಊರಿಗೆ ಇನ್ನೂ ನಿದ್ದೆ. ಕೊಲ್ಲಿಯ ಮಂಜುಗಡ್ಡೆಯ ಮೇಲೆ ನೀಲಿ ಬೆಳಕು ಹಾಲಿನ ಕೆನೆಯಂತೆ ತೆಳ್ಳಗೆ ಕಟ್ಟಿದೆ. ಕಲಿಕಾ ಕೇಂದ್ರದ ಹಿಂದೆ ಏಣಿ ಹತ್ತಿ ನಿಂತ ಹಿರಿಯಾಕೆ ಉಲಾಯು ಉದ್ದನೆಯ ಪೊರಕೆಯಿಂದ ಡಿಶ್ ಮೇಲಿನ ಹಿಮ ಗುಡಿಸುತ್ತಿದ್ದಾರೆ, ಮಗುವಿನ ಮುಖ ಒರೆಸುವಷ್ಟು ಮೆಲ್ಲಗೆ. ಜೋರಾಗಿ ತಳ್ಳಿದರೆ ಡಿಶ್ ಕದಲಿ ಆಕಾಶದ ಜೊತೆಗಿನ ಮಾತು ತಪ್ಪುತ್ತದೆ. ಇವತ್ತಂತೂ ತಪ್ಪುವಂತಿಲ್ಲ. ಒಳಗೆ ನರ್ಸಿಂಗ್ ಓದುವ ಹುಡುಗಿ ನಿವಿಯ ಮೌಖಿಕ ಪರೀಕ್ಷೆಯಿದೆ, ಇದೇ ಕೊನೆಯ ಅವಕಾಶ.

ಉಲಾಯು ಅವರಿಗೆ ಇಲ್ಲಿ ಇಂಥದೇ ಕೆಲಸ ಅಂತಿಲ್ಲ. ಹೀಟರ್ ಹಚ್ಚುವುದು, ನೆಲ ಒರೆಸುವುದು, ಚಹಾ ಕಾಯಿಸುವುದು, ಅಳುವ ಕೂಸನ್ನು ಎತ್ತಿಕೊಂಡು ತಟ್ಟುವುದು, ಎಲ್ಲಕ್ಕೂ ಅವರೇ. ಕಾಲೇಜು ಇರುವುದು ದೂರದ ದಕ್ಷಿಣದಲ್ಲಿ. ಹೋದವರಲ್ಲಿ ಎಷ್ಟೋ ಮಂದಿ ಮನೆಯ ನೆನಪು ತಡೆಯಲಾರದೆ ಮೊದಲ ಚಳಿಗಾಲಕ್ಕೇ ವಾಪಸು ಬಂದುಬಿಡುತ್ತಾರೆ. ನಿವಿ ಹೋಗುವ ಹಾಗೇ ಇಲ್ಲ, ಅವಳ ಅಂಗಿಯ ಬೆನ್ನಿಗೆ ಹೊಲಿದ ಕೂಸಿನ ಚೀಲದಲ್ಲಿ ಹಾಲು ಕುಡಿಯುವ ಮಗುವಿದೆ. ಹಾಗಾಗಿ ನರ್ಸಿಂಗ್ ಪಾಠವೇ ಡಿಶ್ ಹಿಡಿದು ಅವಳಿದ್ದಲ್ಲಿಗೆ ಬರುತ್ತದೆ. ಲೈನಿಗೆ ಅಷ್ಟು ತ್ರಾಣವಿಲ್ಲ. ಮಾತನ್ನು ಹೊರುತ್ತದೆ, ಮುಖವನ್ನು ಹೊರಲಾರದು. ಎಡವಟ್ಟಾಗಿದ್ದು ಅಲ್ಲೇ.

ನಮ್ಮಲ್ಲಿ ಹೌದು ಎನ್ನಲು ಹುಬ್ಬೇರಿಸಿದರೆ ಸಾಕು, ಇಲ್ಲ ಎನ್ನಲು ಮೂಗು ಸುಕ್ಕಿಸಿದರೆ ಆಯಿತು. ಈ ಚಳಿಯಲ್ಲಿ ಬಾಯಿ ತೆರೆಯುವ ಉಸಾಬರಿ ಯಾರಿಗೆ ಬೇಕು? ಹೋದ ತಿಂಗಳ ಪರೀಕ್ಷೆಯಲ್ಲಿ ದಕ್ಷಿಣದ ಮೇಡಂ, ನಿವಿ ಇದ್ದೀಯಾ, ಕೇಳಿಸ್ತಿದೆಯಾ, ಶುರು ಮಾಡೋಣವಾ ಎಂದು ಮತ್ತೆ ಮತ್ತೆ ಕೇಳಿದರು. ನಿವಿ ಪ್ರತಿ ಸಲವೂ ಹುಬ್ಬೇರಿಸಿದಳು. ಕಪ್ಪು ಪರದೆಯ ಮುಂದೆ ಕಾದು ಕಾದು ಮೇಡಂ ಗೈರುಹಾಜರಿ ಹಾಕಿ ಎದ್ದರು. ಓದಿದ್ದನ್ನೆಲ್ಲ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕೂತಿದ್ದ ಹುಡುಗಿ, ಪ್ರಶ್ನೆಯೇ ಬರಲಿಲ್ಲವಲ್ಲ ಎಂದು ಅತ್ತಳು. ಇನ್ನೊಮ್ಮೆ ಗೈರಾದರೆ ಸೀಟೇ ಹೋಗುತ್ತದೆ.

ಬಾಗಿಲಲ್ಲಿ ನೆಲ ಒರೆಸುತ್ತಿದ್ದ ಉಲಾಯು ಆ ಹುಬ್ಬೇರುವುದನ್ನು ಕಂಡಿದ್ದರು. ಅದು ಮೇಡಂಗೆ ಕಾಣದೆಂದು ಹೊಳೆಯುವಷ್ಟರಲ್ಲಿ ಅವರು ಎದ್ದಾಗಿತ್ತು. ಹರೆಯದಲ್ಲಿ ಅವರೂ ದಕ್ಷಿಣಕ್ಕೆ ಓದಲು ಹೋಗಿದ್ದವರೇ. ಮುಂದೆ ಓದುತ್ತೀಯಾ ಎಂದು ಅಲ್ಲಿನ ಅಧಿಕಾರಿ ಕಾಗದದಿಂದ ತಲೆಯೆತ್ತದೆ ಕೇಳಿದ್ದ.

"ಖುಷಿಗೆ ಎಷ್ಟು ಜೋರಾಗಿ ಹುಬ್ಬೇರಿಸ್ದೆ ಅಂದ್ರೆ, ಟೋಪಿನೇ ಮೇಲೆ ಹೋಯ್ತು. ಅವ್ನು ನೋಡ್ಲೇ ಇಲ್ಲ. ಆಮೇಲೆ ಊರಿನ ವಿಮಾನ ಹತ್ತಿಸಿದ್ರು. ಅವ್ರಿಗೇ ನಾನು ಬೇಡ್ವೇನೋ ಅಂದ್ಕೊಂಡು ಬಂದ್ಬಿಟ್ಟೆ," ಎಂದು ಉಲಾಯು ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ನಿವಿಗೆ ಇಟ್ಟಿರುವುದು ಉಲಾಯು ಅವರ ತೀರಿಹೋದ ತಾಯಿಯ ಹೆಸರು. ಹೆಸರಿನ ಜೊತೆ ನಂಟೂ ಬಂದಿದೆ. ಅದಕ್ಕೇ ತಲೆ ನರೆತ ಉಲಾಯು ಈ ಹುಡುಗಿಯನ್ನು ಅವ್ವ ಎನ್ನುತ್ತಾರೆ, ಅವಳು ಇವರನ್ನು ಮಗಳೇ ಎನ್ನುತ್ತಾಳೆ.

"ಅವ್ವ, ಇವತ್ತು ಹುಬ್ಬಿಗೆ ರಜಾ ಕೊಡು," ಎನ್ನುತ್ತ ಉಲಾಯು ಚಹಾ, ಒಣಮೀನು ಮುಂದಿಡುತ್ತಾರೆ.

"ನೀನು ಆ ಪೊರಕೆ ಕೆಳಗಿಡು ಮಗಳೇ, ಮೇಡಂ ಹೆದರ್ಕೊಂಡಾರು," ಎನ್ನುತ್ತಾಳೆ ನಿವಿ.

"ಕಾಣ್ಸಿದ್ರೆ ತಾನೇ?"

ದಕ್ಷಿಣದಿಂದ ದನಿ ಬರುತ್ತದೆ. ನಿವಿ, ಇದ್ದೀಯಾ? ಹುಬ್ಬು ತಾನಾಗಿಯೇ ಏರುತ್ತದೆ. ಎದುರು ಕೂತ ಉಲಾಯು ಪೊರಕೆಯ ಹಿಡಿಯನ್ನು ನೆಲಕ್ಕೆ ಟಕ್ ಎನ್ನಿಸುತ್ತಾರೆ. ನಿವಿ ಬೆಚ್ಚಿ, "ಹೌದು, ಇದ್ದೀನಿ" ಎನ್ನುತ್ತಾಳೆ. ಆಮೇಲೆ ಪೊರಕೆಗೆ ಕೆಲಸವಿಲ್ಲ. ಜ್ವರ, ನಾಡಿ, ಬಾಣಂತಿಯ ಆರೈಕೆ, ಕೇಳಿದ್ದಕ್ಕೆಲ್ಲ ಹುಡುಗಿ ಉತ್ತರ ಕೊಡುತ್ತ ಹೋಗುತ್ತಾಳೆ. ಕೂಸು ಈಗ ಉಲಾಯು ಅವರ ಬೆನ್ನಿಗೊರಗಿ ಮಲಗಿದೆ. ಕತ್ತಲ ತಿಂಗಳುಗಳನ್ನು ಕಳೆದು ಮರಳಿದ ಸೂರ್ಯ ಗುಡ್ಡದ ಅಂಚಿನಲ್ಲಿ ಒಂದಿಷ್ಟು ಹೊತ್ತು ಕೂತು, ಕೋಣೆಯ ತುಂಬ ಕನಸಿನಂಥ ಬೆಳಕು ಬಿಟ್ಟು ಇಳಿಯುತ್ತಾನೆ. ಪಾಸಾಗಿದ್ದೀಯಮ್ಮ ಎನ್ನುತ್ತಾರೆ ಮೇಡಂ.

ಉಲಾಯು ಅವರ ಆಸೆ ದೊಡ್ಡದೇನಲ್ಲ. "ನಮ್ಮೂರ ಆಸ್ಪತ್ರೆಗೆ ದಕ್ಷಿಣದ ನರ್ಸ್ ಬರ್ತಾರೆ, ಪಾಪ, ಒಳ್ಳೆಯವ್ರೇ. ನೋವಿದ್ಯಾ ಅಂತ ಕೇಳ್ತಾ ಕಂಪ್ಯೂಟರ್ ನೋಡ್ತಾರೆ. ಅವ್ವ ನರ್ಸ್ ಆದ್ರೆ ಮುಖ ನೋಡ್ತಾಳೆ. ನಂಗಷ್ಟು ಸಾಕು."

ಅಷ್ಟೇ ಸಾಕೇ, ನಿಮಗೇ ಮತ್ತೆ ಓದಬೇಕು ಅನ್ನಿಸುವುದಿಲ್ಲವೇ ಎಂದು ಕೇಳಿದರೆ, ಅವರು ಕಿಟಕಿಯ ಕಡೆ ತಿರುಗುತ್ತಾರೆ. ಹುಬ್ಬು ಮೆಲ್ಲಗೆ ಮೇಲೇರುತ್ತದೆ. ಗೋಡೆಗೆ ಒರಗಿಸಿದ್ದ ಪೊರಕೆಯನ್ನು ನಿವಿ ಕೈಗೆತ್ತಿಕೊಂಡು ನೆಲಕ್ಕೆ ಟಕ್ ಎನ್ನಿಸುತ್ತಾಳೆ.

"ಹೌದು," ಎನ್ನುತ್ತಾರೆ ಉಲಾಯು, ಬಾಯಿಬಿಟ್ಟು.