ಜೆರಿಕೋದ ಸೋಫಾದಿಂದ ಗುರುತಿಸಿದ ಹಾವು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಆಸ್ಟ್ರೇಲಿಯಾದ ಕಾಡಿನಲ್ಲಿ ಅಕ್ಕನಿಗೆ ಎದುರಾದ ಪುಟ್ಟ ಹಾವಿಗೆ, ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡಿನ ಜೆರಿಕೋದಲ್ಲಿ ಸೋಫಾದ ಮೇಲೆ ಕಾಲು ಚಾಚಿ ಕೂತು ವಿಷವಿಲ್ಲವೆಂದು ಸರ್ಟಿಫಿಕೇಟ್ ಕೊಟ್ಟವನು ನಾನು. ಅದನ್ನೂ ಆಸ್ಟ್ರೇಲಿಯನ್ ಧಾಟಿಯಲ್ಲೇ ಕೊಟ್ಟೆ.

ಯಾರ ದನಿಯನ್ನಾದರೂ ನಾನು ಅನುಕರಿಸಬಲ್ಲೆ. ನನ್ನ ಮ್ಯಾನೇಜರ್, ಸೀಕಾಕಸ್ ರೈಲು ಸ್ಟೇಷನ್ನಿನ ಅನೌನ್ಸ್‌ಮೆಂಟ್, ಯುಗಾದಿ ಕಾರ್ಯಕ್ರಮದಲ್ಲಿ ಮುಗಿಯದ ವಂದನಾರ್ಪಣೆ, ಎಲ್ಲವೂ ಬರುತ್ತವೆ. ದನಿ ಬಂದರೆ ವಿದ್ಯೆಯೂ ಬಂದಂತೆ ಎಂದುಕೊಂಡದ್ದು ಮಾತ್ರ ಕೊಂಚ ಹೆಚ್ಚಾಯಿತು.

ಅಂದು ಶನಿವಾರ ಸಂಜೆ, ಜೆರಿಕೋದಲ್ಲೇ ಇರುವ ಧಾರವಾಡದ ಕಡೆಯ ಅಂಕಲ್ ಒಬ್ಬರ ಮನೆಯಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದೆ. ಅಕ್ಕನ ವಿಡಿಯೋ ಕಾಲ್ ಬಂತು. ಅವಳಿಗೆ ಅಲ್ಲಿ ಭಾನುವಾರದ ಬೆಳಗು. ಒಬ್ಬಳೇ ಕಾಡಿನಲ್ಲಿ ನಡೆಯಲು ಹೋಗಿದ್ದಾಳೆ. ಬಿದ್ದ ಮರದ ಪಕ್ಕ ಬ್ಯಾಗ್ ಇಟ್ಟು ಹೂವಿನ ಫೋಟೋ ತೆಗೆದು ಬರುವಷ್ಟರಲ್ಲಿ, ಪೆನ್ಸಿಲ್ ದಪ್ಪದ ಹಾವೊಂದು ಬ್ಯಾಗಿನ ಪಟ್ಟಿಯ ಮೇಲೆ ಸುರುಳಿ ಸುತ್ತಿ ಬಿಸಿಲು ಕಾಯಿಸುತ್ತಿದೆ. ಕಂದು ಮೈ, ನೆತ್ತಿಯ ಮೇಲೆ ಕಪ್ಪು ಮಚ್ಚೆ, ಕುತ್ತಿಗೆಗೊಂದು ಕಪ್ಪು ಪಟ್ಟೆ. ಕಾರಿನ ಕೀ ಬ್ಯಾಗಿನೊಳಗೆ. ತೆಗೆದುಕೊಳ್ಳಬಹುದೇ ಎಂಬುದಷ್ಟೇ ಅವಳ ಪ್ರಶ್ನೆ.

ಅಂಕಲ್ ಕನ್ನಡಕ ಏರಿಸಿದರು. "ಹೆಡಿ ಅದನ?"

ಇಲ್ಲವೆಂದಳು.

"ಹಂಗಾರ ಏನೂ ಮಾಡೂದಿಲ್ಲ, ತಗೊಳವಾ."

ಆ ತೀರ್ಪನ್ನು ನಾನು ಟಿವಿಯ ಹಾವು ಹಿಡಿಯುವವರ ಧಾಟಿಗೆ ಏರಿಸಿದೆ. ಪಿಸುದನಿ, ಅಗಲಿಸಿದ ಕಣ್ಣು, ಎಂಥ ಮುದ್ದು ಮರಿ ಎಂಬ ಉದ್ಗಾರ. ಅಂಕಲ್ ನಕ್ಕ ರಭಸಕ್ಕೆ ಚಹಾ ಅವರ ಅಂಗಿಯ ಮೇಲೆ ಚೆಲ್ಲಿತು. ಒಬ್ಬರು ನಕ್ಕರೆ ಸಾಕು, ನನಗೆ ಬ್ರೇಕ್ ಹಿಡಿಯುವುದಿಲ್ಲ. ವಿಷವಿಲ್ಲದ ನಮ್ಮ ಒಳ್ಳೆ ಹಾವಿನ ಕಸಿನ್ ಅದು, ಕೈಯಲ್ಲೇ ಸರಿಸು ಎಂದೆ.

ಸ್ಕ್ರೀನಿನಲ್ಲಿ ಅಕ್ಕನ ಕೈ ಬ್ಯಾಗಿನತ್ತ ಚಾಚಿತು. ಹತ್ತಿರ ಹೋಯಿತು. ನಿಂತಿತು. ತಾಳು ಎಂದವಳೇ ಕಾಲ್ ಕಟ್ ಮಾಡಿದಳು.

ನಾವು ತಟ್ಟೆ ಖಾಲಿ ಮಾಡಿ ಬಹಳ ಹೊತ್ತಾದ ಮೇಲೆ ಮತ್ತೆ ಫೋನ್. ಅಲ್ಲಿನ ಹಾವು ಹಿಡಿಯುವವರಿಗೆ ಫೋಟೋ ಕಳಿಸಿದ್ದಳಂತೆ. ಅದು ಬ್ರೌನ್ ಸ್ನೇಕ್ ಮರಿ, ಆ ದೇಶದ ಅತಿ ಅಪಾಯದ ಹಾವುಗಳಲ್ಲೊಂದು; ಮರಿಯ ವಿಷವೂ ಸಾಕು ಮನುಷ್ಯನಿಗೆ, ದೂರ ನಿಲ್ಲಿ ಎಂದರಂತೆ. ಬಿಸಿಲು ಸರಿದು ಅದು ತಾನಾಗಿ ಮರದಡಿ ಹೋಗುವವರೆಗೆ ನಿಂತು, ಉದ್ದ ಕೋಲಿನಿಂದ ಬ್ಯಾಗ್ ಎಳೆದುಕೊಂಡಿದ್ದಳು.

ಆ ಚಾಚಿದ ಕೈ ನೆನಪಾಗಿ ಸೋಫಾದ ಮೇಲೆ ಚಾಚಿದ್ದ ಕಾಲನ್ನು ಕೆಳಗಿಳಿಸಿದೆ. ಅಂಕಲ್ ಖಾಲಿ ಲೋಟದೊಳಗೆ ಏನೋ ಹುಡುಕತೊಡಗಿದರು. ಮಾನವಂತ ಯಾರಾದರೂ ಅಲ್ಲಿಗೆ ಸುಮ್ಮನಾಗುತ್ತಿದ್ದರು.

"ಆ ದೇಶದ ಹಾವೇ ಸರಿ ಇಲ್ಲ ಅಕ್ಕ," ಎಂದೆ. "ನಮ್ಮೂರಾಗಿದ್ರೆ ನಾನ್ ಹೇಳಿದ್ದೇ ಕರೆಕ್ಟ್. ಹೆಡೆ ಇಲ್ಲ ಅಂದ್ರೆ ವಿಷ ಇಲ್ಲ."

ಅಕ್ಕ ಕಾರಿನೊಳಗೆ ಕೂತು ಬಾಗಿಲು ಹಾಕಿಕೊಂಡಳು.

"ನಮ್ಮೂರ ಕೊಳಕುಮಂಡಲಕ್ಕೆ ಹೆಡೆ ಎಲ್ಲಿದೆಯೋ?"